ಮುಡಿ ಕೊಟ್ಟು ಮದರಾಸಿಗೆ ಹೋದದ್ದು

ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಡಬೇಕಾದರೂ ಹಿಂದಿನ ದಿನವೇ ಬಟ್ಟೆ ಮಡಿಸಿಡುತ್ತಿದ್ದ ಕಾಲ ಅದು. ಅಂಥಾದ್ದರಲ್ಲಿ ನಮ್ಮಪ್ಪ ಆಫ್ರಿಕಾಕ್ಕೆ ಹೋಗಿಬಿಟ್ಟ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವನಿಗೆ ಅಲ್ಲಿಯ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. "ಮೊದ್ಲು ನಾನೋಗಿ ಮನೆಗಿನೆ ನೋಡ್ಕತೀನಿ, ಆಮೇಲೆ ನಿಮ್ಮನ್ನೆಲ್ಲ ಕರುಸ್ಕತೀನಿ" ಅಂದು ಹೊರಟಾಗ ನನಗೆ ಎಂಟು ವರ್ಷ. ತಮ್ಮ ಇನ್ನೂ ಅವ್ವನ ಸೊಂಟದ ಮೇಲಿದ್ದ.

ಕರೆಸಿಕೊಳ್ಳುವುದು ಅಂದರೆ ಏನು ಅಂತ ನಮಗೆ ಆಮೇಲೆ ಗೊತ್ತಾಯಿತು. ಅಬ್ಬಬ್ಬಾ, ಆ ಅಲೆದಾಟ! ಪಾಸ್‌ಪೋರ್ಟ್ ಬೇಕು, ಅದಾದಮೇಲೆ ವೀಸಾ ಬೇಕು. ನಾನು ಹುಟ್ಟಿದ್ದು ಅವ್ವನ ತವರು ಯಳಂದೂರಿನಲ್ಲಿ, ಆದ್ದರಿಂದ ಹುಟ್ಟಿದ ದಾಖಲೆಗೆ ಅಲ್ಲಿಯ ಕಚೇರಿ ಮುಂದೆ ಕಾಯಬೇಕು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಬಸ್ಸು ಹತ್ತಿ ಇಳಿದು ಸುಸ್ತಾಗಿ ಹೋದ. ನಮಗೆ ಸೂಜಿ ಚುಚ್ಚಿಸಿದರು. ತೋಳು ಬಾತು, ಜ್ವರ ಬಂದು, ಅಜ್ಜಿ ಮಾಡಿಕೊಟ್ಟ ಮೆಣಸಿನ ಸಾರು ಉಂಡು ಮಲಗಿದ್ದೆವು.

ಫೋಟೊಕ್ಕೆ ಕೊಳ್ಳೇಗಾಲಕ್ಕೆ ಹೋದೆವು. ಅವ್ವನಿಗೆ ಮೊಣಕಾಲು ಮುಟ್ಟುವ ಜಡೆ ಇತ್ತು. ಅದನ್ನು ಮುಂದಕ್ಕೆ ಹಾಕಿಕೊಂಡು, ಕನಕಾಂಬರ ಮುಡಿದು ಕೂತಳು. ನನಗೂ ಎರಡು ಜಡೆ, ಕೆಂಪು ಟೇಪು. ಸ್ಟುಡಿಯೋದಲ್ಲಿ ಪೌಡರಿನ ವಾಸನೆಯೋ ವಾಸನೆ. ಚಿಕ್ಕಪ್ಪ ಆವತ್ತು ಮಸಾಲೆ ದೋಸೆ ಕೊಡಿಸಿದ. ಊರಿಗೆ ಬಂದವಳೇ ನಾನು ಆಡುತ್ತಿದ್ದ ಅಣ್ಣೆಕಲ್ಲುಗಳನ್ನೆಲ್ಲ ಪಕ್ಕದ ಮನೆ ರಾಜಿಗೆ ಕೊಟ್ಟುಬಿಟ್ಟೆ. ಆಫ್ರಿಕಾಕ್ಕೆ ಹೋಗುವವಳಿಗೆ ಕಲ್ಲು ಯಾಕೆ?

ಪಾಸ್‌ಪೋರ್ಟ್ ಬಂತು. ಇನ್ನು ವೀಸಾ ಒಂದೇ ಬಾಕಿ, ಅದಕ್ಕೆ ಮದರಾಸಿಗೆ ಹೋಗಬೇಕು. ವೀಸಾ ಆದರೆ ಮೂವರೂ ಬೆಟ್ಟದ ಮಾದಪ್ಪನಿಗೆ ಮುಡಿ ಕೊಡುತ್ತೇವೆ ಅಂತ ಅವ್ವ ಹರಕೆ ಹೊತ್ತಿದ್ದಳು. ನಮ್ಮ ಕಡೆ ಹೆಂಗಸರು ಬೆಟ್ಟದಲ್ಲಿ ತಲೆ ಬೋಳಿಸಿಕೊಳ್ಳುವುದು ಹೊಸದೇನಲ್ಲ. ಆದರೆ ಅಜ್ಜಿ ಒಪ್ಪಲಿಲ್ಲ.

"ಕೆಲ್ಸ ಆದ್ಮೇಲೆ ಕೊಡ್ತೀನಿ ಅನ್ನಕೆ ಅದೇನು ಯಾಪಾರವಾ? ಮೊದ್ಲು ಕೊಟ್ಬುಟ್ಟು ಓಗವ್ವ. ಸಮುದ್ರ ದಾಟೋರು ಬಾಕಿ ಇಟ್ಕಂಡು ಓಗ್ಬಾರ್ದು."

"ಆಯ್ತು ಬುಡಿ ಅತ್ತೆ" ಅಂದಳು ಅವ್ವ. ಚಿಕ್ಕಪ್ಪನಿಗೂ ಅದೇ ಸರಿ ಅನ್ನಿಸಿತು. ಫೋಟೊದ ಮಾತು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ!

ಬೆಟ್ಟದಲ್ಲಿ ಅವ್ವನ ಕೂದಲು ಕಲ್ಲಿನ ಮೇಲೆ ಕಂತೆ ಕಂತೆಯಾಗಿ ಬಿತ್ತು. ಅಂತರಗಂಗೆಯಲ್ಲಿ ಮಿಂದು, ತಲೆಗೆ ಗಂಧ ಹಚ್ಚಿಕೊಂಡೆವು. ಗಂಧ ತಣ್ಣಗಿತ್ತು. ಅವ್ವ ನನ್ನ ತಲೆ ಸವರಿ, "ಇನ್ನೇನ್ ಕೂಸು, ಅಪ್ಪನ್ತಾವ್ಕೆ ಓದ್ವಿ ಅಂತ್ಲೇ ತಿಳ್ಕೊ" ಅಂದು ನಕ್ಕಳು. ಅಷ್ಟು ಖುಷಿಯಾಗಿ ಅವಳು ನಕ್ಕದ್ದನ್ನು ನಾನು ಅಪ್ಪ ಹೋದಮೇಲೆ ನೋಡಿರಲಿಲ್ಲ.

ಮದರಾಸಿನ ಆಫೀಸಿನಲ್ಲಿ ಗುಮಾಸ್ತ ನಮ್ಮ ಮೂರು ಬೋಳು ತಲೆಗಳನ್ನು ನೋಡಿದ, ಫೋಟೊ ನೋಡಿದ, ಮತ್ತೆ ತಲೆಗಳನ್ನು ನೋಡಿದ. ಚಿಕ್ಕಪ್ಪ ತಮಿಳಿನಲ್ಲಿ ಎಲ್ಲಾ ವಿವರಿಸಿದ. ಗುಮಾಸ್ತನಿಗೆ ಅರ್ಥವಾಯಿತು, ಪಾಪ, ಅವನೂ ಪಳನಿಗೆ ಮುಡಿ ಕೊಟ್ಟವನೇ. ಆದರೆ ಒಳಗೆ ಕೂತಿದ್ದ ಬಿಳಿಯ ಅಧಿಕಾರಿಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಗುಮಾಸ್ತ ತಲೆ ತಗ್ಗಿಸಿ ಚಿಕ್ಕಪ್ಪನಿಗೆ ಹೇಳಿದ, ಚಿಕ್ಕಪ್ಪ ಹೇಳಲಾರದೆ ಹೇಳಿದ: "ಅತ್ತಿಗೆ, ಅಣ್ಣ ಬದುಕಿದ್ದಾನಾ ಅಂತ ಕೇಳ್ತಾವ್ರೆ."

ಅವ್ವ ಸೆರಗಿನ ಒಳಗಿಂದ ತಾಳಿ ತೆಗೆದು ಹಿಡಿದಳು. "ಅವ್ರತ್ರ ಓಗಾಕೇ ಅಲ್ವಾ ಸಾ, ನಾನಿಲ್ಲಿಗಂಟ ಬಂದಿರಾದು?"

ಫೋಟೊದಲ್ಲಿ ಇರುವ ಹಾಗೆ ಆಗಿ ಬನ್ನಿ ಅಂತ ಕಳಿಸಿದರು. ಬೋಳು ತಲೆಯ ಫೋಟೊ ತೆಗೆಸೋಣವೆಂದರೆ ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕು. ಚಿಕ್ಕಪ್ಪನಿಗೆ ಆ ತ್ರಾಣ ಉಳಿದಿರಲಿಲ್ಲ. ಕೂದಲು ಬೆಳೆಯಲಿ ಅಂತ ಕಾದೆವು.

ದಿನಾ ಬೆಳಗ್ಗೆ ಅಜ್ಜಿ ಅವ್ವನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ಇಡೀ ಮನೆ ಹರಳೆಣ್ಣೆ ನಾರುತ್ತಿತ್ತು. ಒಂದು ದಿನ ತಟ್ಟುತ್ತಾ ತಟ್ಟುತ್ತಾ ಅತ್ತೇಬಿಟ್ಟಳು. "ನಾನೇ ಕೆಡಿಸ್ಬುಟ್ಟೆ ಕವ್ವ."

"ಬುಡಿ ಅತ್ತೆ. ನಾನೂ ಊಂ ಅಂದೋಳೇ ಅಲ್ವಾ" ಅಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ.

ಶಾಲೆಯಲ್ಲಿ ಹುಡುಗರು ನನ್ನನ್ನು "ಆಫ್ರಿಕಾ ಬೋಡಿ" ಅಂತ ಕರೆದರು. ರಾಜಿಯ ಹತ್ತಿರ ಕಲ್ಲು ವಾಪಸು ಕೇಳಲು ನಾಚಿಕೆಯಾಗಿ, ಅವಳು ಆಡುವುದನ್ನು ನೋಡುತ್ತಾ ಕೂರುತ್ತಿದ್ದೆ.

ಅವ್ವನ ಕೂದಲು ಗಂಟು ಕಟ್ಟುವಷ್ಟು ಬಂದಾಗ ಮತ್ತೆ ಮದರಾಸಿಗೆ ಹೋದೆವು. ಅಷ್ಟರಲ್ಲಿ ಸಂಸಾರವನ್ನು ಕರೆಸಿಕೊಳ್ಳಲು ಅಪ್ಪನಿಗೆ ಅಲ್ಲಿಯವರು ಕೊಟ್ಟಿದ್ದ ಗಡುವು ಮುಗಿದುಹೋಗಿತ್ತು. ಅವನು ಅಲ್ಲಿಂದ ಮತ್ತೆ ಕೇಳಿಕೊಂಡ. ಬರುವ ವರ್ಷ ನೋಡೋಣ ಅಂದರಂತೆ. ಆ ಬರುವ ವರ್ಷ ಬರಲೇ ಇಲ್ಲ. ರಜಕ್ಕೆ ಬಂದುಹೋಗುವಷ್ಟು ಅನುಕೂಲವೂ ಅಪ್ಪನಿಗೆ ಆಗಲಿಲ್ಲ. ಅವ್ವ ಮದರಾಸಿನ ಹೆಸರೆತ್ತುವುದನ್ನೇ ಬಿಟ್ಟಳು.

ಅಪ್ಪ ವಾಪಸು ಬಂದಾಗ ತಮ್ಮ ಮೂರನೇ ಕ್ಲಾಸಿನಲ್ಲಿದ್ದ. ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಪ್ಯಾಂಟು ಹಾಕಿಕೊಂಡು ಇಳಿದವನ ಮುಂದೆ ತಮ್ಮನನ್ನು ನಿಲ್ಲಿಸಿ, "ಮಾತಾಡ್ಸ್ಲಾ" ಅಂದ ಚಿಕ್ಕಪ್ಪ. ತಮ್ಮ ಕೈಕಟ್ಟಿಕೊಂಡು, ಶಾಲೆಯಲ್ಲಿ ಮೇಷ್ಟ್ರಿಗೆ ಅನ್ನುವ ಹಾಗೆಯೇ, "ನಮಸ್ಕಾರ ಸಾ" ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಮನೆಗೆ ಬಂದವನೇ ಮುಖ ತೊಳೆಯುತ್ತೇನೆ ಅಂತ ಹಿತ್ತಲಿಗೆ ಹೋಗಿ, ಬಹಳ ಹೊತ್ತು ಬರಲಿಲ್ಲ.

ಈಗ ನನ್ನ ಮೊಮ್ಮಕ್ಕಳ ವೀಸಾ ಮೊಬೈಲಿಗೇ ಬರುತ್ತದೆ. ಬರಲಿ, ಚೆನ್ನಾಗಿರಲಿ. ಅಪ್ಪ ಆಮೇಲೆ ನಮ್ಮ ಜೊತೆಯಲ್ಲೇ ಇದ್ದು, ವಯಸ್ಸಾಗಿ ತೀರಿಕೊಂಡ. ಊಟದ ಹೊತ್ತಿಗೆ ನಾನು "ಅಪ್ಪಾ, ಬಾ ಉಣ್ಣು" ಅಂತ ಕೂಗುತ್ತಿದ್ದೆ. ತಮ್ಮ ಮಾತ್ರ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು, ಮೆಲ್ಲಗೆ ಕೆಮ್ಮಿ, ಅವನು ತಿರುಗಿ ನೋಡುವವರೆಗೆ ಕಾಯುತ್ತಿದ್ದ. ಕೊನೆಯವರೆಗೂ ಹಾಗೇ ಕಾದ.