ಒಣಗುವ ತನಕ ಮುಟ್ಟಬೇಡ

ಮೊನ್ನೆ ಯಾರದೋ ಮದುವೆಯ ಕರೆಯೋಲೆ ಮಳೆಗೆ ನೆನೆದು ಗೇಟಿನ ಸಂದಿಯಲ್ಲಿ ಬಿದ್ದಿತ್ತು. ಯಾರ ಮದುವೆ ಎಂದು ಓದಲಾದರೂ ಬೇಕಲ್ಲ, ತಂದು ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಹತ್ತು ನಿಮಿಷ ಬಿಸಿಲು ಬಿತ್ತೋ ಇಲ್ಲವೋ, ದಪ್ಪ ಕಾಗದ ಒಣಗುವ ವಾಸನೆ ಕೋಣೆಗೆಲ್ಲ ಹರಡಿತು. ಸ್ವಲ್ಪ ಗೋಂದು, ಸ್ವಲ್ಪ ಗಂಜಿ, ಸ್ವಲ್ಪ ಹಳೇ ಬಟ್ಟೆಯ ವಾಸನೆ. ನಿಮಗೂ ಇಂಥದ್ದೊಂದು ಇದ್ದೇ ಇರುತ್ತದೆ. ಅಮ್ಮನ ಟ್ರಂಕಿನದೋ, ನೀರೊಲೆಯ ಹೊಗೆಯದೋ, ಮೂಗಿಗೆ ಬಡಿದರೆ ಸಾಕು, ಕೈಯಲ್ಲಿದ್ದ ಕೆಲಸ ಕೈಯಲ್ಲೇ ನಿಲ್ಲುತ್ತದೆ. ನನಗೆ ಮಾತ್ರ ಈ ವಾಸನೆ ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ, ಎಪ್ಪತ್ತು ದಾಟಿದ ಕಾಲು ತಾನಾಗಿ ಕುಣಿಯತೊಡಗುತ್ತದೆ. ನನ್ನ ಬಾಲ್ಯದ ಅರ್ಧ ಆಯಸ್ಸು, ಕಾಗದ ಒಣಗಲಿ ಎಂದು ಕಾಯುವುದರಲ್ಲೇ ಹೋಯಿತು. ಕಾದೆ ಎನ್ನುವುದೂ ಸುಳ್ಳೇ ಅನ್ನಿ. ಒಮ್ಮೆ ಕಾಯಲಿಲ್ಲ. ಅದನ್ನು ಹೇಳಿಬಿಡೋಣ ಎಂದೇ ಇವತ್ತು ಕೂತಿದ್ದೇನೆ.

ಅವ್ವ ನೀರುಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದಳು. ಅವಳ ಅಪ್ಪ ಮಂಡ್ಯದ ಕಡೆ ಡ್ರಾಯಿಂಗ್ ಮೇಷ್ಟರು. ಮದುವೆ ಮಾಡಿ ಕಳಿಸುವಾಗ ಮಗಳ ಮಡಿಲಿಗೆ ತಗಡಿನ ಬಣ್ಣದ ಡಬ್ಬವನ್ನೂ ಇಟ್ಟಿದ್ದರಂತೆ. ನನ್ನ ಅಪ್ಪ ರಸ್ತೆ ಓವರ್ಸಿಯರ್. ತಿಂಗಳಲ್ಲಿ ಹತ್ತು ದಿನ ಸರ್ಕೀಟು, ಊರೂರು ತಿರುಗಿ ರಸ್ತೆ ಕೆಲಸ ನೋಡಿಕೊಂಡು ಬರುವುದು. ರಜ ಬಂದರೆ ನಮ್ಮಿಬ್ಬರನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. ಬಸ್ಸು ಮೈಸೂರು ಬಿಟ್ಟು ಇಲವಾಲ ದಾಟಿತೆಂದರೆ ಅವ್ವ ಬೇರೆ ಹೆಂಗಸೇ ಆಗಿಬಿಡುತ್ತಿದ್ದಳು. ತಲೆಯ ಮೇಲಿನ ಸೆರಗು ಭುಜಕ್ಕೆ ಇಳಿಯುತ್ತಿತ್ತು, ಬಾಯಲ್ಲಿ ಏನೋ ಗುನುಗು. ಅಪ್ಪ ಜಲ್ಲಿರಾಶಿ ಅಳೆಸುತ್ತಿರುವಾಗ ಅವಳು ಸೀರೆ ಎತ್ತಿ ಕಟ್ಟಿ ಮೋರಿಕಟ್ಟೆಯ ಮೇಲೆ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಹುಣಸೂರು ರಸ್ತೆಯ ಆಲದ ಮರಗಳನ್ನು ಬರೆಯುತ್ತಿದ್ದಳು. ಪಕ್ಕದಲ್ಲಿ ಒಂದು ಚೊಂಬು ನೀರು, ಬಣ್ಣ ಕಲಸಲು ಅಂಚು ಕಿತ್ತುಹೋದ ಪಿಂಗಾಣಿ ತಟ್ಟೆ. ಮೊದಲು ಆಕಾಶ. ಆಮೇಲೆ ಬರಿದೇ ಕೂರುವುದು. ಆಕಾಶ ಒಣಗದೆ ಮರ ಬರೆದರೆ ಎಲೆಯ ಹಸಿರೆಲ್ಲ ಮೋಡಕ್ಕೆ ಹರಿದುಬಿಡುತ್ತದಲ್ಲ! ಒಣಗಿದೆಯೋ ಇಲ್ಲವೋ ನೋಡಲು ಬೆರಳಿನ ಬೆನ್ನನ್ನು ಕಾಗದಕ್ಕೆ ಸೋಕಿಯೂ ಸೋಕದ ಹಾಗೆ ಹಿಡಿಯುತ್ತಿದ್ದಳು. ತಣ್ಣಗೆ ಅನಿಸಿದರೆ ಇನ್ನೂ ಹಸಿ. ನಾನು ಪಕ್ಕದಲ್ಲಿ ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಾ, "ಒಣಗ್ತಾ ಅವ್ವ? ಈಗ ಒಣಗ್ತಾ?" ಎಂದು ಪ್ರಾಣ ತಿನ್ನುತ್ತಿದ್ದೆ. "ಒಣಗೋ ತನಕ ಮುಟ್ಬೇಡ ಕಣೇ ಸರೋಜಿ, ಅದರ ಪಾಡಿಗೆ ಬುಡು," ಎನ್ನುತ್ತಿದ್ದಳು. ನನಗೂ ಒಂದು ತುಂಡು ಕಾಗದ ಕೊಡುತ್ತಿದ್ದಳು. ನನ್ನ ಆಲದ ಮರಗಳೆಲ್ಲ ಕೊನೆಗೆ ಕೆಸರಿನ ಬಣ್ಣಕ್ಕೇ ಬರುತ್ತಿದ್ದವು.

ಮನೆಗೆ ಬಂದರೆ ಆ ಅವ್ವ ಇರುತ್ತಿರಲಿಲ್ಲ. ನಮ್ಮ ಮನೆ ಚಾಮರಾಜಪುರಂ ರೈಲ್ವೆ ಗೇಟಿಗೆ ಹತ್ತಿರದ ಬೀದಿಯಲ್ಲಿತ್ತು. ಸುಣ್ಣದ ಗೋಡೆ, ಎರಡು ಮರದ ಕಂಬ, ಕಂಬಗಳ ನಡುವೆ ಕಾವಿ ಬಣ್ಣದ ಉದ್ದನೆಯ ಜಗಲಿ. ಅರಮನೆಯ ಕುದುರೆ ಲಾಯದಲ್ಲಿ ಕೆಲಸ ಸಿಕ್ಕಿದ ತಾತ ಹಳ್ಳಿ ಬಿಟ್ಟು ಬಂದು ಕಟ್ಟಿಸಿದ್ದು. ನನಗೆ ನೆನಪು ಮೂಡುವ ಹೊತ್ತಿಗೆ ತಾತ ಇರಲಿಲ್ಲ, ಅಜ್ಜಿ ಇದ್ದಳು. ಅವಳು ಜಗಲಿಯ ಮೇಲೆ ಕೂತು ಬೀದಿಯನ್ನು ಆಳುತ್ತಿದ್ದಳು. ಸೈಕಲ್ಲಿನವನು ಜೋರಾಗಿ ಹೋದರೆ ಅವನಿಗೂ ಬೈಗಳ, ರೈಲು ತಡವಾಗಿ ಕೂಗಿದರೆ ಅದಕ್ಕೂ ಬೈಗಳ. "ಈ ಜಗಲಿಗೆ ಮಣ್ ಹೊತ್ತೋಳು ನಾನು," ಎನ್ನುವುದು ಅವಳ ಎಲ್ಲ ಜಗಳದ ಕೊನೆಯ ಮಾತು. ನನ್ನನ್ನು ಕಂಡರೆ ಅವಳಿಗೆ ಜೀವ. ಸೊಸೆಯನ್ನು ಕಂಡರೆ ಅಷ್ಟಕ್ಕಷ್ಟೆ. ಚಿತ್ರ ಬರೆಯಬೇಡ ಎಂದು ಅವಳೇನೂ ಹೇಳಿರಲಿಲ್ಲ, ಆದರೆ ಅದಕ್ಕೊಂದು ಗೆರೆ ಹಾಕಿದ್ದಳು. "ಹಿತ್ಲಲ್ಲಿ ಏನಾರ ಬರ್ಕೋ. ಬೀದೀಲಿ ಕುಂತು ಬಣ್ಣ ಬಳ್ಕೊಂಡು ಮನೆ ಮಾನ ಕಳೀಬ್ಯಾಡ." ಹಾಗಾಗಿ ಮೈಸೂರಿನಲ್ಲಿ ಅವ್ವ ಬರೆದದ್ದೆಲ್ಲ ಹಿತ್ತಿಲೇ. ಬಾವಿಯ ರಾಟೆ, ಒಗೆಯುವ ಕಲ್ಲು, ನುಗ್ಗೆಮರ, ಮತ್ತೆ ಅದೇ ರಾಟೆ. ಬೆಟ್ಟವೂ ಹಿತ್ತಿಲ ಗೋಡೆಯ ಮೇಲೆ ಎಷ್ಟು ಕಾಣುತ್ತಿತ್ತೋ ಅಷ್ಟೇ. ಪೆಟ್ಟಿಗೆಯ ತುಂಬ ಊರೂರಿನ ಚಿತ್ರಗಳಿದ್ದವು, ನಮ್ಮ ಮನೆಯ ಮುಂಬಾಗಿಲಿನದು ಒಂದೂ ಇರಲಿಲ್ಲ.

ನನಗೆ ಎಂಟು ವರ್ಷವಿರಬೇಕು. ನಮ್ಮ ಬೀದಿ ಅಗಲ ಮಾಡುತ್ತಾರೆ ಎಂದಾಯಿತು. ಅಳತೆಯವರು ಬಂದು ಸರಪಳಿ ಎಳೆದು, ನಮ್ಮ ಮನೆಯ ಮಗ್ಗುಲ ಗೋಡೆಯ ಮೇಲೆ ಕೆಂಪು ಗೆರೆ ಹಾಕಿ ಹೋದರು. ಜಗಲಿ, ಕಂಬ, ಮುಂದಿನ ಕೋಣೆ ಎಲ್ಲ ಗೆರೆಯಿಂದ ಆಚೆ, ಎಂದರೆ ಒಡೆದು ರಸ್ತೆಗೆ. ಅಪ್ಪ ಆ ರಾತ್ರಿ ತಟ್ಟೆಯ ಮುಂದೆ ಕೂತು, "ಇಂಥಾ ಗೆರೆ ನಾನೂ ಎಷ್ಟು ಜನದ ಗೋಡೆ ಮೇಲೆ ಎಳ್ದಿದೀನೋ," ಎಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅಜ್ಜಿ ಎಂಟು ಹತ್ತು ದಿನ ಯಾರನ್ನೂ ಬೈಯಲಿಲ್ಲ. ಬೀದಿಗೆ ಬೀದಿಯೇ ಗಾಬರಿಯಾಯಿತು. ಆಮೇಲೊಂದು ಬೆಳಿಗ್ಗೆ, ಅವ್ವ ಹೊಸಿಲು ತೊಳೆಯುತ್ತಿರುವಾಗ, ಅವಳ ಮುಖ ನೋಡದೆ ಕಂಬ ನೋಡುತ್ತಾ ಹೇಳಿದಳು. "ಊರೂರ್ದೆಲ್ಲ ಬರೀತಿಯಲ್ಲ ಜಯ, ಈ ಜಗಲೀನೂ ಒಂದ್ಸಲ ಬರ್ದುಬುಡು. ನಾನು ಕುಂತಿರೋ ಅಂಗೇ ಬರಿ."

ಅವ್ವ ಪೊರಕೆ ಹಿಡಿದುಕೊಂಡೇ ನಿಂತಳು. "ಎದುರುಗಡೆ ಬೀದೀಲಿ ಕೂತ್ಕಬೇಕಾಯ್ತದೆ ಅತ್ತೆ."

"ಕುಂತ್ಕೋ. ಯಾವನ್ ಏನಂತಾನೋ ನಾನ್ ನೋಡ್ಕೋತೀನಿ."

ಅವ್ವನಿಗೆ ಆ ದಿನವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಡುಗೆ ಮಾಡುತ್ತಾ ಮಾಡುತ್ತಾ ಹೊರಗೆ ಬಂದು ಬಿಸಿಲು ಎಲ್ಲಿ ಬಿದ್ದಿದೆ ನೋಡುವಳು, ಒಳಗೆ ಓಡುವಳು, ಸಾರು ಉಕ್ಕಿಸುವಳು. ಮದುವೆಯಾಗಿ ಹತ್ತು ವರ್ಷಕ್ಕೆ ಅತ್ತೆ ಅವಳನ್ನು ಕೇಳಿದ ಮೊದಲನೆಯ ವಸ್ತು ಅದು. ಇದು ನನಗೆ ಆಗ ತಿಳಿಯಲಿಲ್ಲ, ಈಗ ತಿಳಿಯುತ್ತದೆ, ತಿಳಿದು ಏನು ಭಾಗ್ಯ!

ಮಾರನೆಯ ಬೆಳಿಗ್ಗೆ ಅಜ್ಜಿ ಎಣ್ಣೆ ಹಚ್ಚಿ ತಲೆ ಬಾಚಿ, ಬದನೆಕಾಯಿ ಬಣ್ಣದ ಸೀರೆ ಉಟ್ಟು ಜಗಲಿಯಲ್ಲಿ ಕೂತಳು. ಅವ್ವ ಎದುರಿನ ಹೊಂಗೆಮರದ ಕೆಳಗೆ ಮಣೆ ಹಾಕಿಕೊಂಡಳು. ಹಾಲಿನವನು ನಿಂತ, ಸೊಪ್ಪಿನವಳು ಬುಟ್ಟಿ ಇಳಿಸಿ ನಿಂತಳು, ಶಾಲೆಗೆ ಹೋಗುವ ಹುಡುಗರು ನಿಂತರು. ಅಜ್ಜಿ ಅಲ್ಲಿಂದಲೇ ಕೂಗಿದಳು. "ಏನ್ರಲಾ, ಕೋತಿ ಕುಣೀತಾದಾ ಅಲ್ಲಿ? ನನ್ ಸೊಸೆ ಚಿತ್ರ ಬರೀತಾವ್ಳೆ, ನೆಳ್ಳು ಬೀಳುಸ್ಬ್ಯಾಡಿ, ಅತ್ಲಾಗ್ ನಡೀರಿ!" ನನ್ನ ಸೊಸೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಅವಳು ಹೇಳಿದ್ದು ಅದೇ ಮೊದಲು. ಅವ್ವ ತಲೆ ಎತ್ತಲಿಲ್ಲ. ಅವಳ ಕಿವಿ ಮಾತ್ರ ಕೆಂಪಾಗಿತ್ತು. ಗೋಡೆ ಬಂತು, ಕಂಬ ಬಂತು, ಹೆಂಚಿನ ಕೆಳಗಿನ ನೆರಳು ಬಂತು. ಪ್ರತಿಯೊಂದಕ್ಕೂ ಕಾಯುವುದು. ನಾನು ಅವ್ವನಿಂದ ಅಜ್ಜಿಗೆ, ಅಜ್ಜಿಯಿಂದ ಅವ್ವನಿಗೆ ಇಪ್ಪತ್ತು ಸಲ ರಸ್ತೆ ದಾಟಿದೆ. ಹತ್ತು ಗಂಟೆಯ ಹೊತ್ತಿಗೆ ಅವ್ವ ಅಜ್ಜಿಯ ಮುಖ ಮುಗಿಸಿ, ಕೊನೆಗೆ ಸೀರೆಗೆ ಬಣ್ಣ ತುಂಬಿದಳು. ನೀರು ತುಂಬಿದ ಬದನೆಕಾಯಿ ಬಣ್ಣ ಕಾಗದದ ಮೇಲೆ ಉಬ್ಬಿ ನಿಂತಿತ್ತು. "ಒಣಗೋ ತನಕ ಮುಟ್ಬೇಡ. ಒಲೆ ಮೇಲೆ ಬೇಳೆ ಇಟ್ಟಿದೀನಿ, ನೋಡ್ಬಂದ್ಬುಡ್ತೀನಿ," ಎಂದು ಹಲಗೆಯನ್ನು ಮಣೆಯ ಮೇಲೆ ಮಲಗಿಸಿ ಒಳಗೆ ಹೋದಳು.

ಅಷ್ಟರಲ್ಲಿ ಅಜ್ಜಿಗೂ ಸಾಕಾಗಿತ್ತು. "ಏನೇ ಸರೋಜಿ, ಆಯ್ತೇನೇ? ಎಂಗವ್ನಿ? ತತ್ತಾ ಇಲ್ಲಿ," ಎಂದಳು. ನಾನು ಬೆರಳಿನ ಬೆನ್ನು ಹಿಡಿದು ನೋಡಿದೆನೇ? ಇಲ್ಲ. ಹಾಳಾದ ಅವಸರ. ಹಲಗೆಯನ್ನು ಎತ್ತಿ, ತಲೆಕೆಳಗಾಗಿ ಎದೆಯ ಮುಂದೆ ಹಿಡಿದು, ಬೀದಿಗೆಲ್ಲ ಕಾಣಲಿ ಎಂದು ಓಡಿದೆ. ಜಗಲಿಯ ಮೆಟ್ಟಿಲ ಹತ್ತಿರ ತಿರುಗಿಸಿ ನೋಡುತ್ತೇನೆ, ಸೀರೆಯ ಬಣ್ಣವೆಲ್ಲ ಅಜ್ಜಿಯ ಮುಖಕ್ಕೆ ಹರಿದಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಅವ್ವ ಏನಾದರೂ ಮಾಡುತ್ತಿದ್ದಳೋ ಏನೋ. ನಾನು ಅಜ್ಜಿಗೆ ಬೆನ್ನು ಹಾಕಿ ಕೂತುಕೊಂಡು ಲಂಗದ ಅಂಚಿನಿಂದ ಗಸಗಸ ಒರೆಸಿದೆ. ಬಣ್ಣ ಹೋಯಿತು, ಮುಖ ಹೋಯಿತು, ಸೀರೆ ಹೋಯಿತು. ಎರಡು ಕಂಬಗಳ ನಡುವೆ ಮಸುಕಾದ ಒಂದು ಕಲೆ ಉಳಿಯಿತು.

ಅಜ್ಜಿ ಹಲಗೆಯನ್ನು ಕಸಿದುಕೊಂಡು ಕಣ್ಣಿನ ಹತ್ತಿರಕ್ಕೆ ಹಿಡಿದಳು. ಅವಳಿಗೆ ಕಣ್ಣು ಮಂಜು, ಆದರೂ ಕಂಬ ಕಂಡಿತು, ಬಾಗಿಲು ಕಂಡಿತು. ಬೆರಳಿಟ್ಟು ಹುಡುಕಿದಳು. "ನಾನೆಲ್ಲವ್ನಿ ಇದ್ರಲ್ಲಿ?" ಎಂದಳು.

ನನ್ನ ಬಾಯಿಂದ ಆ ಮಾತು ಎಲ್ಲಿಂದ ಬಂತೋ! "ಅವ್ವ ನಿನ್ನ ಬರ್ದಿಲ್ಲ ಅಜ್ಜಿ," ಎಂದುಬಿಟ್ಟೆ.

ಅಷ್ಟು ಹೊತ್ತಿಗೆ ಅವ್ವ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅಜ್ಜಿ ಹಲಗೆಯನ್ನು ಅವಳ ಕೈಗೆ ಕೊಟ್ಟು, "ಮನೆಯೆಲ್ಲಾ ಬರ್ದು ನನ್ನೊಬ್ಳನ್ನ ಬುಟ್ಬುಟ್ಟಲ್ಲವ್ವ," ಎಂದಳು. ಜೋರಾಗಿ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಚಿತ್ರ ನೋಡಿದಳು, ಆಮೇಲೆ ನನ್ನ ಲಂಗದ ಅಂಚು ನೋಡಿದಳು. ಒಂದು ಗಳಿಗೆ ಅಷ್ಟೇ. "ಇಲ್ಲ ಅತ್ತೆ, ನಿಮಗೆ ಅಂತ ಜಾಗ ಬುಟ್ಟಿದೀನಿ. ನಾಳೆ ಬರೀತೀನಿ," ಎಂದಳು.

ಸಂಜೆ ಹಿತ್ತಿಲಲ್ಲಿ ನನ್ನ ಬೆರಳು ಹಿಡಿದು ಆ ಕಲೆಯ ಮೇಲೆ ಆಡಿಸಿದಳು. ಕಾಗದ ಅಲ್ಲಿ ಹತ್ತಿಯಂತೆ ಎದ್ದಿತ್ತು. "ಇಲ್ಲಿ ಇನ್ನ ಬಣ್ಣ ನಿಲ್ಲಲ್ಲ ಕಣೇ," ಎಂದಳು. ನಾನು ಬಿಕ್ಕುತ್ತಾ, ಅಜ್ಜಿಗೆ ಹೇಳಿಬಿಡುತ್ತೇನೆ ಎಂದೆ. ಅವ್ವ ಬೇಡವೆಂದಳು. "ನಿನ್ನ ಮೇಲೆ ಬೇಜಾರು ಮಾಡ್ಕೊಂಡ್ರೆ ಆ ಜೀವ ತಡ್ಕಳಲ್ಲ. ನನ್ನ ಮೇಲೆ ಆದ್ರೆ ಇರ್ಲಿ ಬುಡು, ಇಬ್ರಿಗೂ ಅಭ್ಯಾಸ." ಎಂಟು ವರ್ಷದವಳಿಗೆ ಅದಕ್ಕಿಂತ ಸಿಹಿಯಾದ ಮಾತು ಬೇರೆ ಬೇಕೇ? ಕಣ್ಣೊರೆಸಿಕೊಂಡು ಆಡಲು ಓಡಿದೆ.

ಮಾರನೆಯ ದಿನ ಅವ್ವ ಹೊಸ ಹಾಳೆ ಹಿಡಿದು ಹೊಂಗೆಮರದ ಕೆಳಗೆ ಕೂತಳು. ಅಜ್ಜಿ ಹೊರಗೆ ಬರಲಿಲ್ಲ. ಅವ್ವ ಒಳಗೆ ಬಂದು ಕರೆದಳು. ಅಜ್ಜಿ ಅಕ್ಕಿ ಆರಿಸುತ್ತಾ, "ಬುಡವ್ವ, ಚಿತ್ರ ಚೆನ್ನಾಗೇ ಅದೆ. ನಾನ್ಯಾಕೆ ಅದರೊಳಗೆ," ಎಂದಳು. ಅವ್ವ ಮತ್ತೆ ಕರೆದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಬೇರೆಲ್ಲದಕ್ಕೂ ಕುಣಿಯುವ ಕಾಲು, ಎಲ್ಲರಿಗಿಂತ ಮುಂಚೆ ಬಾಯಿ ಹಾಕುವ ನಾಲಿಗೆ, ಅವತ್ತು ಮಾತ್ರ ಎರಡೂ ಸತ್ತಿದ್ದವು. ಅವ್ವ ಮಣೆ ಎತ್ತಿಕೊಂಡು ಒಳಗೆ ಬಂದಳು. ಮುಂದಿನ ವಾರ ಹಾರೆ ಗುದ್ದಲಿಯವರು ಬಂದರು.

ಜಗಲಿ ಒಡೆಯುವುದನ್ನು ನೋಡಬಾರದೆಂದು ಅಪ್ಪ ಮೊದಲೇ ಅಜ್ಜಿಯನ್ನು ಇಲವಾಲದ ಆಚೆಯ ನಮ್ಮ ಹಳ್ಳಿಗೆ, ಚಿಕ್ಕಪ್ಪನ ಮನೆಗೆ ಬಿಟ್ಟು ಬಂದ. ಮುಂದಿನ ಸರ್ಕೀಟಿನಲ್ಲಿ ಅವ್ವ ಬಣ್ಣದ ಡಬ್ಬ ಹಿಡಿದು ಅಲ್ಲಿಗೇ ಇಳಿದಳು. ಅಜ್ಜಿ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದಳು, ತೀರ ಸಣ್ಣವಳಾಗಿದ್ದಳು. ಅವ್ವ ಹಲಗೆ ತೆಗೆದದ್ದನ್ನು ನೋಡಿ ಕೈ ಆಡಿಸಿದಳು. "ಇಲ್ಲಿ ಬ್ಯಾಡ ಕಣವ್ವ. ಇದು ನಾನ್ ಮಣ್ ಹೊತ್ತ ಗೋಡೆ ಅಲ್ಲ." ಅವ್ವ ಹಲಗೆಯನ್ನು ಚೀಲಕ್ಕೆ ಹಾಕಿ, ಅಜ್ಜಿಯ ತಲೆಗೆ ಎಣ್ಣೆ ಹಚ್ಚುತ್ತಾ ಕೂತಳು. ನಾನು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದೆ, ಈಗ ಹೇಳಲೇ, ಈಗ ಹೇಳಲೇ ಎಂದುಕೊಳ್ಳುತ್ತಲೇ ಬಸ್ಸಿನ ಹೊತ್ತಾಯಿತು. ದೀಪಾವಳಿಗೆ ಮುಂಚೆ ಅಜ್ಜಿ ಹೋದಳು.

ಅವ್ವ ಆಮೇಲೂ ಎಷ್ಟೋ ವರ್ಷ ಬರೆದಳು. ನಂಜನಗೂಡಿನ ಹೊಳೆ, ಹೆಗ್ಗಡದೇವನಕೋಟೆಯ ಕಾಡಂಚು. ಉಳಿದರ್ಧ ಮನೆಯಲ್ಲಿ ಬಾಗಿಲು ಸೀದಾ ರಸ್ತೆಗೇ ತೆರೆಯುತ್ತಿತ್ತು, ಅವಳು ಅಲ್ಲಿಯೇ ಕೂತು ಬೀದಿಯನ್ನೂ ಬರೆಯಬಹುದಿತ್ತು, ಕೇಳುವವರಿರಲಿಲ್ಲ. ಬರೆಯಲಿಲ್ಲ. ಜಗಲಿಯನ್ನು ನೆನಪಿನಿಂದಲಾದರೂ ಬರಿ ಎಂದು ಅಪ್ಪ ಒಮ್ಮೆ ಹೇಳಿದ. "ಕಣ್ಣೆದುರಿಗೆ ಇಲ್ದೇ ಇರೋದು ನಂಗೆ ಬರಲ್ಲ ಕಣ್ರೀ," ಎಂದಳು. ನನ್ನ ತಪ್ಪನ್ನು ಅವಳು ಸಾಯುವವರೆಗೂ ಯಾರ ಹತ್ತಿರವೂ ಎತ್ತಲಿಲ್ಲ, ನನ್ನ ಹತ್ತಿರವೂ. ಆ ಮನೆ ಈಗ ಪೂರ್ತಿ ಇಲ್ಲ. ಹೊಂಗೆಮರವೂ ಇಲ್ಲ. ಆ ಬೀದಿಯಲ್ಲಿ ಆಟೋ ಹೋದರೆ ನಾನು ಇನ್ನೊಂದು ಕಡೆ ಮುಖ ತಿರುಗಿಸುತ್ತೇನೆ.

ಆ ಚಿತ್ರ ಮುಗಿದ ಮೇಲೆ ಕೆಟ್ಟುಹೋಗುವ ತನಕ ಎಷ್ಟು ಹೊತ್ತು ಇತ್ತು? ಬೇಳೆ ನೋಡಿ ಬರುವಷ್ಟು ಹೊತ್ತು. ಕೆಡುವ ಮುಂಚೆ ಅದನ್ನು ನೋಡಿದವರು ಅವ್ವ ಮತ್ತು ನಾನು, ಇಬ್ಬರೇ. ಈಗ ನಾನೊಬ್ಬಳೇ. ಅದಕ್ಕೇ ಬರೆದಿಡುತ್ತೇನೆ, ಕೇಳು ಅಜ್ಜಿ. ಅವ್ವ ನಿನ್ನನ್ನು ಬಿಟ್ಟಿರಲಿಲ್ಲ. ನೀನು ಒಂದು ಕಾಲು ಮಡಿಚಿ, ಒಂದು ಕಾಲು ಇಳಿಬಿಟ್ಟು ಕೂತಿದ್ದೆ. ಎಡಗೈ ಕಂಬದ ಮೇಲಿತ್ತು. ನಿನ್ನ ನೆರೆತ ಕೂದಲಿಗೆ ಅವ್ವ ಬಣ್ಣವನ್ನೇ ಹಾಕಿರಲಿಲ್ಲ, ಬಿಳೀ ಕಾಗದವನ್ನು ಹಾಗೇ ಉಳಿಸಿದ್ದಳು, ಬಿಸಿಲು ಬಿದ್ದ ಹಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಯಾರನ್ನೋ ಬೈಯಲು ಹೊರಟವಳಂತೆ. ಇಡೀ ಮನೆಗಿಂತ ನೀನೇ ಚೆನ್ನಾಗಿ ಬಂದಿದ್ದೆ. ಒರೆಸಿದವಳು ನಾನು.