ಒದ್ದೆ ಹೆಜ್ಜೆ ನೋಡುತ್ತಿದ್ದ ಕಾಂಪೌಂಡರು

ರಾಯದುರ್ಗದ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಕುತ್ತಿಗೆ ಸದಾ ಮುಂದಕ್ಕೆ ಬಾಗಿ, ಕಣ್ಣು ಎದುರಿನವರ ಪಾದಗಳ ಮೇಲೆಯೇ ನೆಟ್ಟಿರುತ್ತಿತ್ತು. ಟಿಂಕ್ಚರ್ ಹತ್ತಿ ಕಂದುಗಟ್ಟಿದ ಬೆರಳುಗಳು ಒಂದು ದಾರವನ್ನು ಸುತ್ತುತ್ತ ಬಿಚ್ಚುತ್ತ ಇರುತ್ತಿದ್ದವು.

ಕಾಲು ಮುರಿದು ಕಟ್ಟು ಬಿಚ್ಚಿಸಿಕೊಂಡವರನ್ನು ಪರೀಕ್ಷಿಸಲು ಅವರದೇ ಒಂದು ಕ್ರಮವಿತ್ತು. ತಗಡಿನ ತಟ್ಟೆಯ ನೀರಿನಲ್ಲಿ ಎರಡೂ ಪಾದಗಳನ್ನು ಅದ್ದಿಸಿ, ಜಗಲಿಯ ಕಡಪ ಕಲ್ಲಿನ ಮೇಲೆ ನಡೆಸುವರು. ಬಿಸಿಲಿಗೆ ಗುರುತು ಆರುವ ಮೊದಲೇ ಬಗ್ಗಿ, ಹೆಜ್ಜೆಯಿಂದ ಹೆಜ್ಜೆಗೆ ದಾರ ಹಿಡಿದು, ನೋವಿನ ಕಾಲು ಎಷ್ಟು ಭಾರ ಹೊತ್ತಿದೆ, ಎಷ್ಟು ಅವಸರದಲ್ಲಿ ನೆಲ ಬಿಟ್ಟಿದೆ ಎಂದು ಓದುವರು. ಡಾಕ್ಟರು ಅವರ ಮಾತಿನ ಮೇಲೆಯೇ ರುಜು ಹಾಕುತ್ತಿದ್ದರು.

ನಾನು ಆ ಕಲ್ಲಿನ ಮೇಲೆ ನಿಂತದ್ದು ಮದ್ರಾಸ್ ಸರ್ಕಾರದ ಕಾಲದಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ. ಮಡಕಶಿರದ ಕಡೆ ಹೊಲ ಅಳೆಯುವ ಸರ್ವೆ ಕೆಲಸಕ್ಕೆ ಆಯ್ಕೆಯಾದ ವಾರವೇ ಬಾವಿಯ ಮೆಟ್ಟಿಲಲ್ಲಿ ಜಾರಿ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದೆ. ನಡೆಯಬಲ್ಲೆನೆಂಬ ಸರ್ಟಿಫಿಕೇಟು ಅಂದು ಸಂಜೆಯೊಳಗೆ ಕಚೇರಿ ಸೇರದಿದ್ದರೆ ಕೆಲಸ ಬೇರೆಯವನ ಪಾಲು. ಅದನ್ನು ಒಯ್ಯಲು ಬಂದು ಬೆಂಚಿನ ಮೇಲೆ ಕುಳಿತಿದ್ದ ಕಚೇರಿಯ ಗುಮಾಸ್ತ, ನನಗೆ ಕೇಳುವಂತೆಯೇ ಅಂದ:

"ಕುಂಟಗ ಅಳತಿ ಸರಪಳಿ ಯಾಕ್ರಿ? ಊರುಗೋಲು ಕೊಡ್ರಿ ಸಾಕು."

ಹೇಳಿ ನಕ್ಕ. ಆ ನಗುವಿನಲ್ಲಿ ಕಂಡ ಎಲೆಅಡಿಕೆಯ ಹಲ್ಲುಗಳು ನನಗೆ ಇಂದಿಗೂ ನೆನಪಿವೆ.

ಹಲ್ಲು ಕಚ್ಚಿ ನಡೆದೆ. ನನಗಿಂತ ಮುಂಚಿನ ರೋಗಿಗಳನ್ನು ಗಮನಿಸಿ ಗುಟ್ಟು ತಿಳಿದಿದ್ದೇನೆಂದು ನನ್ನ ಎಣಿಕೆ. ನೋವಿನ ಪಾದವನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಬೇಕೆಂದೇ ಅದುಮಿ ಇಟ್ಟೆ. ಹನ್ನೆರಡು ಹೆಜ್ಜೆ. ಬೆನ್ನಲ್ಲಿ ಬೆವರು ಇಳಿಯಿತು. ಕಾಂಪೌಂಡರು ಮೊಣಕಾಲೂರಿ ಕಲ್ಲು ನೋಡಿದರು. ಗುಮಾಸ್ತ ಎದ್ದು ನಿಂತ. ಹೆಜ್ಜೆಗಳು ಒಂದೊಂದಾಗಿ ಆರುತ್ತಿದ್ದವು. ಕಾಂಪೌಂಡರು ದಾರ ಹಿಡಿದು ಅಳೆದರು.

"ತಮ್ಮಾ," ಎಂದರು ಕೊನೆಗೆ, "ಚಲೋ ಕಾಲಿಗಿಂತ ಮುರದ ಕಾಲಿನ ಗುರ್ತೇ ಚಂದ ಬಿದ್ದೈತಿ. ನೀ ನಡೀಲಿಲ್ಲ, ಹೆಜ್ಜಿ ಒತ್ತಿದಿ."

"ನಡದೀನ್ರಿ! ನೀವ ನೋಡಿದ್ರಲ್ರಿ!"

"ನೋಡೀನಿ. ಎಲುಬು ಇನ್ನಾ ಕೂಡಿಲ್ಲ. ನಡೀತಾನ ಅಂತ ಬರಸಿದ್ರ ಆ ಮಡಕಶಿರದ ಗುಡ್ಡದಾಗ ಕಾಲು ಹೋಗ್ತೈತಿ. ಇಲ್ಲಾಂದ್ರ ಕೆಲ್ಸ ಹೋಗ್ತೈತಿ. ಯಾವ್ದು ತಿರುಗಿ ಬರ್ತೈತಿ, ನೀನ ಹೇಳು."

ದಾರ ಸುತ್ತಿಕೊಂಡು ಎದ್ದರು. ಇನ್ನೂ ನಡೆಯಲಾರನೆಂದು ಡಾಕ್ಟರಿಂದ ಬರೆಸಿದರು. ಆ ಕೆಲಸಕ್ಕೆ ಸೇರಿದವನು ಗುಮಾಸ್ತನ ಷಡ್ಡಕನ ಮಗ. ಇದನ್ನು ನಾನು ಆಮೇಲೆ ಇಬ್ಬರಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡೆ.

ಎರಡು ವಾರವಾಗುವಷ್ಟರಲ್ಲಿ ನಮ್ಮ ಮನೆಯ ಹೊಸ್ತಿಲು ದಾಟುವಾಗಲೇ ಕಾಲು ಸೋತು ಕುಸಿದೆ. ಕಾಂಪೌಂಡರು ಬಂದು ಮತ್ತೆ ಪಟ್ಟಿ ಕಟ್ಟಿದರು. ಹೇಳಿರಲಿಲ್ಲವೇ ಎಂದು ಹಂಗಿಸಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬಂದು, ಕಾಲು ಮಡಿಸಿ ಚಾಚಿಸಿ, ಅಂಗಳದಲ್ಲಿ ನಡೆಸಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋಗುವರು. ನಾನು ಅವರೊಡನೆ ಮಾತು ಬಿಟ್ಟಿದ್ದೆ.

ಮರುವರ್ಷ ಅದೇ ಕೆಲಸಕ್ಕೆ ಕರೆ ಬಂತು. "ಈಗ ಹೋಗು, ತಮ್ಮಾ" ಎಂದು ಸರ್ಟಿಫಿಕೇಟನ್ನು ಅವರೇ ತಂದು ಕೈಗಿತ್ತರು. ತೆಗೆದುಕೊಂಡೆ, ಕೈ ಮುಗಿಯಲಿಲ್ಲ. ಹೇಮಾವತಿಯಿಂದ ಗುಡಿಬಂಡೆಯವರೆಗಿನ ಬದುಗಳನ್ನೆಲ್ಲ ಮೂವತ್ತು ವರ್ಷ ಈ ಕಾಲಿನಲ್ಲೇ ತುಳಿದೆ.

ಕೆಲಸಕ್ಕೆ ಸೇರಿದ ಎರಡನೆಯ ಮಳೆಗಾಲದಲ್ಲಿ, ಕಾಂಪೌಂಡರು ತೀರಿಕೊಂಡರೆಂದು ಅಮ್ಮನ ಕಾಗದ ಬಂತು. ಬೀದಿಯಲ್ಲಿ ಅಮ್ಮ ಸಿಕ್ಕಾಗಲೆಲ್ಲ ನನ್ನ ಕಾಲು ಹೇಗಿದೆಯೆಂದು ಕೇಳುತ್ತಿದ್ದರಂತೆ. ಅವರಿಗೆ ನಾನು ಒಂದು ಕಾರ್ಡನ್ನೂ ಬರೆದಿರಲಿಲ್ಲ. ನಾನು ಅವರಿಗೆ ಮಾಡಿದ್ದನ್ನು ಬೇರೆ ಯಾರಾದರೂ ನನಗೆ ಮಾಡಿದ್ದರೆ ನಾನು ಕ್ಷಮಿಸುತ್ತಿರಲಿಲ್ಲ.