ಎಮ್ಮೆ ಕಟ್ಟಿದ ಅರ್ಥಿಂಗ್ ಪೈಪು

ಸಾಂತಾಕ್ರೂಜ್ ಸ್ಟೇಷನ್ ದಾಟಿದ ಮೇಲೆ ಲೋಕಲ್ ಸ್ವಲ್ಪ ನಿಧಾನವಾದರೂ ಸಾಕು, ಆ ಬೇಸಿಗೆಯಲ್ಲಿ ನನ್ನ ಕತ್ತು ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಹಳಿಯ ಮೇಲೆ ಎಮ್ಮೆ ಬಿದ್ದಿದೆಯೇ ಎಂದು ನೋಡದೆ ಒಳಗೆ ನಿಲ್ಲಲು ಆಗುತ್ತಿರಲಿಲ್ಲ.

ಐವತ್ತರ ದಶಕದ ಮಾತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬಂದವನು ನಾನು. ಮಾಟುಂಗದ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಲೇ ವೈರಿಂಗ್ ಕಲಿತೆ. ನಾನು ಎಳೆದ ಲೈನು ಯಾರಿಗೂ ಕೈಕೊಟ್ಟಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ. ಆ ಹೋಟೆಲಿಗೆ ಹಾಲು ಕೊಡುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಗೌಳಿ ಹೆಂಗಸು. ಸಾಂತಾಕ್ರೂಜಿನಲ್ಲಿ ಹಳಿಯ ಪಕ್ಕದಲ್ಲೇ ಅವರ ತಬೇಲಾ, ಅಂದರೆ ಎಮ್ಮೆ ಕೊಟ್ಟಿಗೆ. ಹಳಿಯಂಚಿನ ಹಸಿ ಹುಲ್ಲಿಗೆ ಹೋದ ಒಂದು ಎಮ್ಮೆ ಆಗಲೇ ಗಾಡಿಗೆ ಸಿಕ್ಕಿ ಸತ್ತಿತ್ತು. ಈಗ ಗಬ್ಬದ ಎಮ್ಮೆಯೊಂದು ಅದೇ ಚಟ ಹಿಡಿದಿತ್ತು. ಆಕೆ ಎಲ್ಲಿಂದಲೋ ತಂತಿಗೆ ಕರೆಂಟು ಬಿಡುವ ಬ್ಯಾಟರಿಯ ಬೇಲಿ ಪೆಟ್ಟಿಗೆ ತರಿಸಿ, ಹಳಿಯ ಬದಿಗೆ ಬೇಲಿ ಹಾಕಲು ನನ್ನನ್ನು ಕರೆಸಿದರು.

ಕರೆಂಟ್ ಬೇಲಿಯಲ್ಲಿ ಎಲ್ಲರೂ ತಂತಿಯನ್ನೇ ನೋಡುತ್ತಾರೆ. ಕೆಲಸವಿರುವುದು ನೆಲದಲ್ಲಿ. ತಂತಿಯಿಂದ ಎಮ್ಮೆಯ ಮೈಗೆ ಬಂದ ಕರೆಂಟು ಕಾಲಿನಿಂದಿಳಿದು, ಮಣ್ಣಿನೊಳಗಿಂದ ಪೆಟ್ಟಿಗೆಗೆ ವಾಪಸು ಹೋದರೆ ಮಾತ್ರ ಏಟು. ತಬೇಲಾದ ಮಣ್ಣು ಒಣಗಿ ಬಿರಿದಿತ್ತು. ಎಮ್ಮೆ ತೊಳೆದ ನೀರು ಹರಿಯುವ ಮೂಲೆಯೊಂದೇ ಸದಾ ಹಸಿ. ಅಲ್ಲಿ ಅರ್ಥಿಂಗಿಗೆಂದು ಮೂರು ಕಬ್ಬಿಣದ ಪೈಪುಗಳನ್ನು ದೂರ ದೂರ ಬಡಿದು, ಒಂದೇ ತಂತಿಯಿಂದ ಬಿಗಿದು ಪೆಟ್ಟಿಗೆಗೆ ಜೋಡಿಸಿದೆ. ಜಾಯಿಂಟ್ ಕಣ್ಣಿಗೆ ಕಾಣಲಿ ಎಂದು ಪೈಪಿನ ತಲೆಗಳನ್ನು ಮೇಲೆ ಬಿಟ್ಟಿದ್ದೆ. ಗಬ್ಬದ ಎಮ್ಮೆ ಬೇಲಿಗೆ ಮೂಗು ತಾಗಿಸಿತು, ಬುಸ್ ಎಂದು ಹಿಂದೆ ಸರಿಯಿತು.

ವಾರ ಕಳೆಯುವುದರೊಳಗೆ ಹೋಟೆಲಿಗೆ ಹಾಲು ತರುವ ಅವರ ಆಳಿನ ಕೈಯಲ್ಲಿ ಸುದ್ದಿ ಬಂತು, ಎಮ್ಮೆ ಬೇಲಿ ನುಗ್ಗಿದೆ ಎಂದು. ಹಿಡಿದ ಕೆಲಸ ಬಿಟ್ಟು ಓಡಿದೆ.

“ಬಾರೋ ತಮ್ಮಾ,” ಎಂದರು ಆಕೆ, ಸೊಂಟಕ್ಕೆ ಕೈಯಿಟ್ಟು. “ನಿನ್ನ ಬೇಲಿಗೆ ನನ್ನೆಮ್ಮಿ ಬೆನ್ನು ತುರಿಸ್ಕೋತೈತಿ. ಹಳಿ ಮ್ಯಾಲಿಂದ ಎಳ್ಕೊಂಡ ಬಂದೀನಿ. ಹೊಟ್ಟ್ಯಾಗ ಕರ ಐತಿ, ಇದೂ ಹೋತಂದ್ರ ಏನ್ ಮಾಡ್ಲಿ?”

“ಸ್ವಲ್ಪ ನಿಲ್ಲಿ ಅಕ್ಕ, ನೋಡ್ತೇನೆ.”

“ನೋಡ್, ನೋಡ್. ಮಾಟುಂಗಾದಾಗ ಬಲ್ಬ್ ಹಚ್ಚಿದಂಗಲ್ಲ ಇದು.”

ಕಿವಿ ಬಿಸಿಯಾಯಿತು. ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಬ್ಯಾಟರಿ ಸರಿ, ತಂತಿ ಎಲ್ಲೂ ತುಂಡಾಗಿಲ್ಲ, ಹುಲ್ಲೂ ತಾಗಿಲ್ಲ. ಆದರೆ ತಂತಿ ಮುಟ್ಟಿದರೆ ಇರುವೆ ಕಚ್ಚಿದಷ್ಟೂ ಇಲ್ಲ. ಅಷ್ಟರಲ್ಲಿ ಗಾಡಿಯೊಂದು ಸಿಳ್ಳೆ ಹಾಕುತ್ತ ಹೋಯಿತು. ಇಬ್ಬರೂ ತಿರುಗಿ ಎಮ್ಮೆ ಎಲ್ಲಿದೆಯೆಂದು ನೋಡಿದೆವು.

ಎಮ್ಮೆ ಆ ಹಸಿ ಮೂಲೆಯಲ್ಲೇ ಇತ್ತು, ನನ್ನ ಮೊದಲ ಪೈಪಿಗೆ ಕಟ್ಟಿಹಾಕಿಸಿಕೊಂಡು. ಕತ್ತು ಕೊಡವಿದಾಗಲೆಲ್ಲ ಪೈಪು ಅಲುಗುತ್ತಿತ್ತು, ಸುತ್ತ ಕೈ ತೂರುವಷ್ಟು ಮಣ್ಣು ಬಿಟ್ಟಿತ್ತು. ಪೆಟ್ಟಿಗೆಯಿಂದ ಬಂದ ತಂತಿ ಜಾಯಿಂಟಿನಲ್ಲೇ ಕಿತ್ತುಹೋಗಿ ಸಗಣಿಯಲ್ಲಿ ಬಿದ್ದಿತ್ತು. ಉಳಿದೆರಡು ಪೈಪುಗಳಿಗೂ ಹಗ್ಗ ಸುತ್ತಿತ್ತು.

“ಇದಕ್ಕೆ ಎಮ್ಮೆ ಕಟ್ಟುವುದಾ ಅಕ್ಕ?”

“ಮತ್ತ? ಕಬ್ಬಿಣದ ಗೂಟ ಬಡದು ಹೋಗೀಯಲ್ಲ! ನಾಕು ದಿನ ಬಾಳಿಕಿ ಬರ್ತೈತಿ ಅಂತ ಖುಷಿ ಆಗಿತ್ತು ನನಗ.”

“ಗೂಟ ಅಲ್ಲ ಮಾರಾಯ್ರೆ, ಬೇಲಿಯ ಜೀವವೇ ಅದು!”

“ಜೀವಾನ ಹಿಂಗ ಹೊರಗ ಬಿಟ್ಟು ಹೋಗ್ತಾರೇನು?”

ತಬೇಲಾದಲ್ಲಿ ನೆಲದಿಂದ ಎದ್ದು ನಿಂತದ್ದೆಲ್ಲ ಗೂಟವೇ. ಮೂರನ್ನೂ ಕಿತ್ತು ಹೊಸ ಜಾಗದಲ್ಲಿ, ಹಸಿಯಲ್ಲೇ, ತಲೆ ಕೂಡ ಕಾಣದಷ್ಟು ಆಳಕ್ಕೆ ಇಳಿಸಿದೆ. ಜಾಯಿಂಟ್ ಮೇಲೆ ಮಡಕೆ ಬೋರಲು ಹಾಕಿ ಮಣ್ಣು ಮುಚ್ಚಿದೆ. ದೂರದಲ್ಲಿ ಒಂದು ಮರದ ಗೂಟವನ್ನೂ ಬಡಿದುಕೊಟ್ಟೆ. ಅಂಗೈ ಬೊಬ್ಬೆಯೆದ್ದಿತು. ಆಕೆ ತಾವೇ ತಂತಿ ಮುಟ್ಟಿ ನೋಡಿ “ಯವ್ವಾ!” ಎಂದು ಕೈ ಒದರಿ, ನನಗೆ ಒಂದು ಲೋಟ ಹಾಲು ತಂದಿಟ್ಟರು. ಹಾಲು ಕುಡಿಯುವಾಗಲೂ ನನ್ನ ಕಣ್ಣು ಎಮ್ಮೆಯ ಮೇಲೇ.

ಮುಂದೊಂದು ಸಂಜೆ ನಾನಿದ್ದ ಅಂಧೇರಿಯ ಚಾಳಿನ ಕೋಣೆಗೆ ಮರಳುತ್ತಿದ್ದಾಗ ಗಾಡಿ ಅಲ್ಲೇ ಗಕ್ಕೆಂದು ನಿಂತಿತು. ಜನರ ತೋಳಿನಡಿ ನುಸುಳಿ ಬಾಗಿಲಿಗೆ ಬಂದೆ. ಸಿಗ್ನಲ್ ಕೆಂಪಿತ್ತು, ಅಷ್ಟೆ. ಬೇಲಿಯಾಚೆ ಆ ಎಮ್ಮೆ, ಬದಿಯಲ್ಲಿ ಕಾಲು ನಡುಗಿಸುತ್ತ ನಿಂತ ಕರು. ಎಮ್ಮೆ ಹಳಿಯ ಹುಲ್ಲಿನತ್ತ ಮೂಗು ಚಾಚಿತು, ತಂತಿ ಹತ್ತಿರವಾದೊಡನೆ ತಾನಾಗಿಯೇ ಹಿಂದೆ ಸರಿಯಿತು.

ಗಾಡಿ ಹೊರಟಿತು. “ಅಂದರ್ ಆವೋ ಭಾಯ್,” ಎಂದು ಯಾರೋ ಅಂಗಿ ಹಿಡಿದು ಒಳಕ್ಕೆ ಎಳೆದರು. ಕರು ಇನ್ನೂ ಬೇಲಿಗೆ ಮೂಗು ತಾಗಿಸಿ ನೋಡಿರಲಿಲ್ಲ.